ಮ್ಯಾಥ್ಸ್ ಮಾಡ್ಯೂಲ್‌ನಲ್ಲಿ ತೋಡಿಯ ಗಾಂಧಾರ

ಮೇಕ್ ನಾಯ್ಸ್ ಕಂಪನಿಯ ಮ್ಯಾಥ್ಸ್ ಅಂದರೆ ಮಾಡ್ಯುಲರ್ ಸಿಂಥ್‌ನ, ಅಂದರೆ ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯದ, ಒಂದು ಮಾಡ್ಯೂಲ್; ಏರಿ ಇಳಿಯುವ ವೋಲ್ಟೇಜ್ ಮಾಡಿಕೊಡುತ್ತದೆ. ಅದನ್ನು ತಂದ ಮೊದಲ ವರ್ಷ ನಾನು ಅದರಿಂದ ಎರಡು ಎನ್ವಲಪ್ (ಸದ್ದಿನ ಏರಿಳಿತ ರೂಪಿಸುವ ವೋಲ್ಟೇಜ್) ತೆಗೆದುಕೊಂಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಈಗ ಅದರ ನಾಲ್ಕೂ ಚಾನೆಲ್ ಒಂದೇ ಕೆಲಸಕ್ಕೆ ಹೋಗುತ್ತಿವೆ. ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ, ತೂಗಿಸಿ ನುಡಿಸುವುದಕ್ಕೆ.

ಸೀಕ್ವೆನ್ಸರ್, ಅಂದರೆ ಸ್ವರಗಳನ್ನು ಒಂದಾದ ಮೇಲೊಂದು ಕಳಿಸುವ ಮಾಡ್ಯೂಲ್, ಅವನ್ನು ಮೆಟ್ಟಿಲಿನ ಹಾಗೆ ಕೊಡುತ್ತದೆ. ಸ ಆಯ್ತು, ರಿ ಆಯ್ತು, ನಡುವೆ ಏನೂ ಇಲ್ಲ. ಚಿಕ್ಕಂದಿನಲ್ಲಿ ಸರಳೆವರಸೆ, ಜಂಟಿವರಸೆ ಹಾಡಿ ಬೆಳೆದ ಕಿವಿಗೆ ಅದು ಪದ್ಯವನ್ನು ಒಂದೊಂದೇ ಅಕ್ಷರ ಮಾಡಿ ಓದಿದ ಹಾಗೆ ಕೇಳುತ್ತದೆ. ಮ್ಯಾಥ್ಸ್‌ನ 1 ಮತ್ತು 4ನೇ ಚಾನೆಲ್‌ಗಳ ಮೂಲ ಹುಡುಕುತ್ತಾ ಹೋದರೆ 1970ರ ದಶಕದಲ್ಲಿ ಸರ್ಜ್ ಚೆರೆಪ್ನಿನ್ ಮಾಡಿದ ಸ್ಲೋಪ್ ಜನರೇಟರ್ ಸಿಗುತ್ತದೆ. ಸ್ಲೋಪ್ ಅಂದ್ರೆ ಇಳಿಜಾರು. ಪಾಠದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದಕ್ಕೂ ನಾವು ಜಾರು ಅಂತಲೇ ಹೇಳುತ್ತೇವೆ ಅಲ್ವಾ. ಇದು ಹೊಳೆದ ರಾತ್ರಿ ಎರಡು ಗಂಟೆಯಾದರೂ ನನಗೆ ನಿದ್ದೆ ಬರಲಿಲ್ಲ.

ಮೊದಲು ಜಾರು. ಸೀಕ್ವೆನ್ಸರ್‌ನ ಪಿಚ್ ವೋಲ್ಟೇಜನ್ನು (ಯಾವ ಸ್ವರ ಅಂತ ಹೇಳುವ ವೋಲ್ಟೇಜ್) ನೇರವಾಗಿ ಸದ್ದು ಹುಟ್ಟಿಸುವ ಆಸಿಲೇಟರ್‌ಗೆ ಕೊಡದೆ 4ನೇ ಚಾನೆಲ್‌ನ ಸಿಗ್ನಲ್ ಇನ್‌ಪುಟ್‌ಗೆ ಕೊಡಿ. ಅದರ ಅಟೆನ್ಯುವರ್ಟರ್ (ವೋಲ್ಟೇಜನ್ನು ತಗ್ಗಿಸುವ ಅಥವಾ ತಲೆಕೆಳಗು ಮಾಡುವ ನಾಬ್) ಪೂರ್ತಿ ಬಲಕ್ಕಿರಲಿ. ಚಾನೆಲ್‌ಗಳನ್ನೆಲ್ಲ ಕೂಡಿಸಿ ಕೊಡುವ ಸಮ್ ಔಟ್‌ಪುಟ್‌ನಿಂದ ಆಸಿಲೇಟರ್‌ಗೆ ಕೇಬಲ್. ಈಗ ರೈಸ್ ನಾಬ್ ತಿರುಗಿಸಿದರೆ ಮೇಲೆ ಹೋಗುವ ಜಾರು ನಿಧಾನ ಆಗುತ್ತದೆ, ಫಾಲ್ ತಿರುಗಿಸಿದರೆ ಇಳಿಯುವ ಜಾರು. ಮಾಮೂಲಿ ಸಿಂಥ್‌ನ ಪೋರ್ಟಮೆಂಟೋದಲ್ಲಿ ಎರಡಕ್ಕೂ ಒಂದೇ ನಾಬ್ ಇರುತ್ತದೆ, ಅದಕ್ಕೇ ಅದು ಎಲ್ಲ ಕಡೆ ಒಂದೇ ಥರ ಜಾರಿ ಬೇಸರ ಬರಿಸುತ್ತದೆ. ನಾನು ಏರುವಾಗ ಚುರುಕಾಗಿ, ಇಳಿಯುವಾಗ ಎಳೆದು ಇಡುತ್ತೇನೆ, ವೀಣೆಯಲ್ಲಿ ಮೇಲಿನ ಷಡ್ಜದಿಂದ ಪಂಚಮಕ್ಕೆ ಬೆರಳು ಜಾರಿಸಿದ ಹಾಗೆ.

ಇನ್ನು ಕಂಪಿತ, ಸ್ವರವನ್ನು ತೂಗಾಡಿಸುವ ಗಮಕ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ರಿ ಮತ್ತು ಮ ನಡುವೆ ತೂಗುತ್ತದೆ. ಹಾಗಾಗಿ ಸೀಕ್ವೆನ್ಸರ್‌ನಲ್ಲಿ ಗ ಹಾಕಬೇಡಿ, ರಿ ಹಾಕಿ. 1ನೇ ಚಾನೆಲ್ ಸೊನ್ನೆಯಿಂದ ಮೇಲಕ್ಕೆ ಹೋಗಿ ಸೊನ್ನೆಗೇ ಬರುವುದರಿಂದ ಅದು ರಿಯನ್ನು ಮವರೆಗೆ ಎತ್ತಿ ಮತ್ತೆ ಇಳಿಸುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. ಒಂದು ಸ್ಥಾಯಿಗೆ 1 ವೋಲ್ಟ್, ತೋಡಿಯ ರಿಯಿಂದ ಮಗೆ ನಾಲ್ಕು ಅರೆಸ್ವರ, ಅಂದರೆ ಸುಮಾರು 0.33 ವೋಲ್ಟ್ ಸಾಕು. ಚಾನೆಲ್ ಕೊಡುವುದು 8 ವೋಲ್ಟ್! ನಾಬ್ ಕೂದಲೆಳೆಯಷ್ಟು ಸರಿದರೂ ಸ್ವರ ಎಲ್ಲಿಗೋ ಹೋಗುತ್ತದೆ. ಅದಕ್ಕೆ 1ನೇ ಚಾನೆಲ್‌ನ ಅಟೆನ್ಯುವರ್ಟರ್ ದಾಟಿ ಬರುವ ಔಟ್‌ಪುಟ್ಟನ್ನು 2ನೇ ಚಾನೆಲ್‌ಗೆ ಕೊಟ್ಟು ಅಲ್ಲಿ ಇನ್ನೊಮ್ಮೆ ತಗ್ಗಿಸುತ್ತೇನೆ. ಎರಡು ಸಲ ಸೋಸಿದ ಮೇಲೆ ಕೈಗೆ ಹಿಡಿತ ಸಿಗುತ್ತದೆ. ಎಲ್ಲ ಸ್ವರಗಳೂ ತೂಗಬಾರದು, ಆದ್ದರಿಂದ ಗಾಂಧಾರ ಬರುವ ಜಾಗಕ್ಕೆ ಮಾತ್ರ ಸೀಕ್ವೆನ್ಸರ್‌ನಿಂದ ಒಂದು ಗೇಟ್ (ಆನ್-ಆಫ್ ಸಿಗ್ನಲ್) ತೆಗೆದು 1ನೇ ಚಾನೆಲ್‌ನ ಸೈಕಲ್ ಇನ್‌ಪುಟ್‌ಗೆ ಹಾಕಿದ್ದೇನೆ; ಅದು ಆನ್ ಇರುವಷ್ಟು ಹೊತ್ತು ಚಾನೆಲ್ ಮತ್ತೆ ಮತ್ತೆ ಏರಿ ಇಳಿಯುತ್ತದೆ. ಈ ಇನ್‌ಪುಟ್ 2013ರ ಮಾಡೆಲ್‌ನಲ್ಲಿ ಇದೆ.

ಉಳಿದದ್ದು 3ನೇ ಚಾನೆಲ್. ಅದಕ್ಕೆ ಏನೂ ಚುಚ್ಚದಿದ್ದರೆ ಸುಮ್ನೆ 5 ವೋಲ್ಟ್‌ವರೆಗೆ ಆಫ್‌ಸೆಟ್ (ಕದಲದೆ ನಿಲ್ಲುವ ವೋಲ್ಟೇಜ್) ಕೊಡುತ್ತದೆ, ಅದೇ ನನ್ನ ಶ್ರುತಿಯ ನಾಬ್. ಹಾಡುವವರು ಬಂದರೆ ಅವರ ಷಡ್ಜಕ್ಕೆ ಇದನ್ನು ತಿರುಗಿಸಿದರೆ ಆಯ್ತು. ತಂಬೂರಿ ಹಾಕಿಕೊಂಡು ಕಿವಿಯಿಂದಲೇ ಕೂಡಿಸಿ.

ಇದೇ ಮಾಡ್ಯೂಲ್‌ನಲ್ಲಿ ಸ್ಟೀಲ್ ಲೋಟ ನೆಲಕ್ಕೆ ಬಿದ್ದು ಟಣ್ ಟಣ್ ಟಣಟಣ ಅಂತ ಕುಣಿದು ನಿಲ್ಲುವ ಲಯವೂ ಬರುತ್ತದೆ. 1ರ ಇಒಆರ್ (ಏರಿದ್ದು ಮುಗಿಯಿತು ಅಂತ ಹೇಳುವ ಔಟ್‌ಪುಟ್) ಅನ್ನು 4ರ ಸೈಕಲ್‌ಗೆ, 1ರ ಯೂನಿಟಿ ಔಟ್ (ಅಟೆನ್ಯುವರ್ಟರ್ ದಾಟದ ಔಟ್‌ಪುಟ್) ಅನ್ನು 4ರ ಫಾಲ್ ಇನ್‌ಪುಟ್‌ಗೆ ಕೊಡಿ. 1ರ ರೈಸ್ ತೀರಾ ಚಿಕ್ಕದು, ಫಾಲ್ ಉದ್ದ. 4ರ ಔಟ್‌ಪುಟ್ಟನ್ನು ಸದ್ದನ್ನು ಜೋರು-ಮೆಲ್ಲಗೆ ಮಾಡುವ ವಿಸಿಎ ಮಾಡ್ಯೂಲ್‌ಗೆ ಕೊಟ್ಟು 1ಕ್ಕೆ ಟ್ರಿಗರ್ ಕೊಟ್ಟರೆ ಸಾಕು.

ಆದರೆ ಮನಸ್ಸು ಗಾಂಧಾರಕ್ಕೇ ವಾಪಸ್ ಹೋಗುತ್ತದೆ. ಮೊನ್ನೆ ಅಮ್ಮ ಪಕ್ಕದ ರೂಮಿನಿಂದ ಕೇಳಿಸಿಕೊಂಡು, "ಮೇಲೆ ಮ ಹತ್ತಿರ ಒಂಚೂರು ನಿಲ್ಲಬೇಕು ಕಣೋ, ಮುಟ್ಟಿ ಓಡಿಬಂದ ಹಾಗಿದೆ" ಅಂದರು. 1ನೇ ಚಾನೆಲ್‌ನ ಕರ್ವ್ ನಾಬನ್ನು ಲೀನಿಯರ್‌ನಿಂದ ಲಾಗ್ ಕಡೆಗೆ ಸ್ವಲ್ಪ ತಿರುಗಿಸಿದೆ. ಆಗ ವೋಲ್ಟೇಜ್ ಮೇಲಕ್ಕೆ ಹೋದಷ್ಟೂ ನಿಧಾನ ಆಗುತ್ತದೆ. "ಹಾಂ, ಈಗ ಬಂತು ನೋಡು" ಅಂದರು.