ಹಕ್ಕಿ ಮುಂದೆಯೇ ಕೂತಿದ್ದರೂ ನಾಯಿ ಯಾಕೆ ಹಿಡಿಯೋದಿಲ್ಲ?

ಊರಿಗೆ ಫೋನ್ ಮಾಡಿದಾಗಲೆಲ್ಲ ಕಾಕಾ ಕೇಳುವುದು ಒಂದೇ.

"ತಮ್ಮಾ, ನಿನ್ನ ನಾಯಿ ಹಕ್ಕಿ ಮುಂದ ಕುಂತಿದ್ರೂ ಹಿಡಿಯೂದಿಲ್ಲಂತಲ್ಲೋ? ಸುಮ್ನ ನಿಂದರತೈತಂತ. ಅಂಥಾ ನಾಯಿಗಿ ರೊಟ್ಟಿ ಯಾಕ ಹಾಕ್ತಿ?"

ಕಾಕಾ ಒಬ್ಬರೇ ಅಲ್ಲ. ಇಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ದೀಪಾವಳಿ ಊಟಕ್ಕೆ ಸೇರುವ ಕನ್ನಡದವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ನಾಜೂಕಾಗಿ. ಪ್ರತಿ ಸಲ ಅರ್ಧಂಬರ್ಧ ಹೇಳಿ ಮಾತು ಬದಲಿಸಿದ್ದೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ಮೊದಲು ಕಾಕಾನ ಪರವಾಗಿ ಒಂದು ಮಾತು. ನಮ್ಮದು ಮುಧೋಳದ ಕಡೆ. ಬೇಟೆ ನಾಯಿ ಅಂದರೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ಉದ್ದ ಕಾಲಿನ, ಸಣ್ಣ ನಡುವಿನ ಮುಧೋಳ ನಾಯಿ. ಅದು ಕಣ್ಣಿನಿಂದ ಬೇಟೆ ಆಡುವ ತಳಿ. ಮೊಲ ಎದ್ದಿದ್ದು ಕಂಡರೆ ಸಾಕು, ಬಾಣ ಬಿಟ್ಟ ಹಾಗೆ ಹೊರಟು ಹಿಡಿದೇ ತೀರುತ್ತದೆ. ಕಾಕಾ ಸಣ್ಣವರಿದ್ದಾಗ ಅದನ್ನು ಕಣ್ಣಾರೆ ಕಂಡವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು, ಈಗ ಮೊಲ ಹಿಡಿದರೆ ಕೇಸು. ಆದರೆ ಅವರ ತಲೆಯಲ್ಲಿ ಬೇಟೆ ನಾಯಿ ಅಂದರೆ ಓಡಬೇಕು, ಹಿಡಿಯಬೇಕು. ನನ್ನ ಚುಕ್ಕಿ ನಿಲ್ಲುತ್ತಾಳೆ. ಅಲ್ಲಿಗೇ ಜಗಳ.

ಚುಕ್ಕಿ ಇಂಗ್ಲಿಷ್ ಸೆಟ್ಟರ್ ಹೆಣ್ಣು ನಾಯಿ. ಬಿಳಿ ಮೈಮೇಲೆ ಕರಿ ಮಸಿ ಚಿಮುಕಿಸಿದ ಹಾಗೆ ಚುಕ್ಕಿಗಳು. ಪಕ್ಕದ ಮನೆಯ ಮುದುಕರೊಬ್ಬರು ಮರಿ ಕೊಟ್ಟರು. ಅವರೇ ನನ್ನನ್ನು ಮೊದಲ ಸಲ ಹಕ್ಕಿ ಬೇಟೆಗೆ ಸ್ಯಾಂಡ್‌ಹಿಲ್ಸ್‌ಗೆ ಕರೆದುಕೊಂಡು ಹೋದದ್ದು. ಲಿಂಕನ್‌ನಿಂದ ವ್ಯಾಲೆಂಟೈನ್ ಊರಿನ ಕಡೆ ಸುಮಾರು ಐದು ಗಂಟೆ ಕಾರಿನಲ್ಲಿ ಹೋಗಬೇಕು. ಹೆಸರೇ ಹೇಳುವ ಹಾಗೆ ಮರಳಿನ ದಿಬ್ಬಗಳು. ಆದರೆ ಮರಳು ಕಾಣುವುದಿಲ್ಲ, ಎಲ್ಲಾ ಹುಲ್ಲು ಹೊದ್ದು ಮಲಗಿವೆ. ಸುಮಾರು 50,000 ಚದರ ಕಿಲೋಮೀಟರ್, ಹೆಚ್ಚು ಕಡಿಮೆ ಕರ್ನಾಟಕದ ಕಾಲು ಭಾಗ. ಗಂಟೆಗಟ್ಟಲೆ ನಡೆದರೂ ಒಂದು ಮರ ಸಿಗದ ಜಾಗಗಳಿವೆ. ಕಾಲಡಿಯಲ್ಲಿ ಮಾತ್ರ ನಮ್ಮೂರೇ. ಪಾಪಾಸುಕಳ್ಳಿ ಇದೆ. ನೆಗ್ಗಿಲ ಮುಳ್ಳೂ ಇದೆ. ರಾತ್ರಿ ಮೋಟೆಲ್‌ನಲ್ಲಿ ಕೂತು ನಾಯಿಯ ಕಾಲಿಂದ ಅದನ್ನು ಕೀಳುವಾಗ ಊರಿನ ನೆನಪು ತಾನಾಗೇ ಬರುತ್ತದೆ.

ಅಲ್ಲಿರುವುದೇ ಪ್ರೇರಿ ಚಿಕನ್. ಹೆಸರು ಕೇಳಿ ಫಾರಂ ಕೋಳಿ ಅಂದುಕೊಳ್ಳಬೇಡಿ, ಇದು ಕಾಡುಹಕ್ಕಿ. ನಮ್ಮ ಕೌಜುಗದ ದೊಡ್ಡಣ್ಣ ಅನ್ನಬಹುದು. ತೂಕ ಒಂದು ಕೆಜಿ ಆಸುಪಾಸು. ಮೈತುಂಬ ಕಂದು-ಬಿಳಿ ಅಡ್ಡಪಟ್ಟೆ. ಹುಲ್ಲಲ್ಲಿ ಕೂತರೆ ಹುಲ್ಲೇ. ವಸಂತದಲ್ಲಿ ಗಂಡುಗಳು ಕತ್ತಿನ ಪುಕ್ಕ ಕೊಂಬಿನ ಹಾಗೆ ಎತ್ತಿ, ಕಿತ್ತಳೆ ಬಣ್ಣದ ಗಾಳಿಚೀಲ ಉಬ್ಬಿಸಿ ಕುಣಿಯುತ್ತವೆ. ಆಗ ಬರುವ ಸದ್ದು ಕೊಡದ ಬಾಯಿಗೆ ಊದಿದ ಹಾಗಿರುತ್ತದೆ. ಅದನ್ನು ನೋಡಲೆಂದೇ ಜನ ಕತ್ತಲಲ್ಲೇ ಎದ್ದು ಹೋಗಿ ಚಳಿಯಲ್ಲಿ ಕೂರುತ್ತಾರೆ. ನಾನೂ ಹೋಗಿದ್ದೇನೆ. ಬೇಟೆ ಮಾತ್ರ ಸೆಪ್ಟೆಂಬರ್ 1ರಿಂದ ಜನವರಿ 31ರವರೆಗೆ. ಲೈಸೆನ್ಸ್ ಬೇಕು. ದಿನಕ್ಕೆ ಮೂರು ಹಕ್ಕಿಗಿಂತ ಜಾಸ್ತಿ ಹೊಡೆಯುವ ಹಾಗಿಲ್ಲ. ಮೂರು ಸಿಕ್ಕ ದಿನಗಳನ್ನು ನಾನು ಒಂದು ಕೈಯಲ್ಲಿ ಎಣಿಸಬಹುದು, ಬೆರಳು ಮಿಗುತ್ತವೆ.

ಈಗ ಪ್ರಶ್ನೆಗೆ ಬರೋಣ.

ತೋಳ ಬೇಟೆ ಆಡುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡಿ. ಹುಡುಕುತ್ತದೆ, ದಿಟ್ಟಿಸುತ್ತದೆ, ಹೊಂಚು ಹಾಕುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ನಾಯಿ ತಳಿಗಳನ್ನು ಬೆಳೆಸಿದವರು ಈ ಸರಪಳಿಯಲ್ಲಿ ತಮಗೆ ಬೇಕಾದ ಕೊಂಡಿಯನ್ನು ಹಿಗ್ಗಿಸಿದರು, ಬೇಡದ್ದನ್ನು ಕುಗ್ಗಿಸಿದರು. ಮುಧೋಳ ನಾಯಿಯಲ್ಲಿ ಹಿಗ್ಗಿರುವುದು ಅಟ್ಟಿಸಿಕೊಂಡು ಹೋಗುವ ಕೊಂಡಿ. ಸೆಟ್ಟರ್, ಪಾಯಿಂಟರ್‌ಗಳಲ್ಲಿ ಹೊಂಚಿನ ಕೊಂಡಿ. ಹಾರುವ ಮುಂಚೆ ಬೆಕ್ಕು ಒಂದು ಕ್ಷಣ ಕಲ್ಲಾಗುತ್ತದಲ್ವಾ? ಆ ಒಂದು ಕ್ಷಣವನ್ನು ಐದು ನಿಮಿಷಕ್ಕೆ ಎಳೆದರೆ ಚುಕ್ಕಿ.

ಯಾಕೆ ಹೀಗೆ ಬೆಳೆಸಿದರು? ಕೋವಿ ಬರುವ ಮುಂಚೆ ಯುರೋಪಿನಲ್ಲಿ ಕೌಜುಗದಂಥ ಹಕ್ಕಿಗಳನ್ನು ಬಲೆಯಿಂದ ಹಿಡಿಯುತ್ತಿದ್ದರು. ನಾಯಿ ವಾಸನೆ ಹಿಡಿದು ನೆಲಕ್ಕೆ ಅಂಟಿ ಕೂರುತ್ತಿತ್ತು. ಜನ ಹಿಂದಿನಿಂದ ಬಂದು ನಾಯಿಯ ಮೇಲಿಂದಲೇ ಬಲೆ ಎಳೆಯುತ್ತಿದ್ದರು. ಆಗ ನಾಯಿ ನುಗ್ಗಿದರೆ ಒಂದು ಹಕ್ಕಿ ನಾಯಿಗೆ, ಉಳಿದವೆಲ್ಲ ಆಕಾಶಕ್ಕೆ, ಮನೆಗೆ ಸೊನ್ನೆ. ಕೂತ ನಾಯಿಯ ಮರಿಗಳನ್ನೇ ಉಳಿಸಿಕೊಂಡರು. ಸೆಟ್ಟರ್ ಅನ್ನೋ ಹೆಸರೂ ಆ ಕೂರುವುದರಿಂದಲೇ ಬಂದದ್ದು. ಈಗ ಬಲೆಯ ಜಾಗದಲ್ಲಿ ಕೋವಿ ಬಂದಿದೆ, ಅಷ್ಟೇ: ಅವಳು ನಿಂತು ಹಕ್ಕಿ ಎಲ್ಲಿದೆ ಅಂತ ತೋರಿಸುತ್ತಾಳೆ, ನಾನು ಹೋಗಿ ಎಬ್ಬಿಸಿ ಹೊಡೆಯಬೇಕು. ಅಂದರೆ ಕಾಕಾ, ಇದು ಸೋಮಾರಿತನ ಅಲ್ಲ, ಕಸುಬು.

ಇನ್ನು ಹಕ್ಕಿ ಯಾಕೆ ಹಾರುವುದಿಲ್ಲ? ಅದಕ್ಕೂ ಒಂದು ಲೆಕ್ಕ ಇದೆ. ಮೇಲೆ ಗಿಡುಗ, ಕೆಳಗೆ ಕಯೋಟಿ ಅನ್ನೋ ನರಿಯಂಥ ಪ್ರಾಣಿ. ಎದ್ದರೆ ಗಿಡುಗನಿಗೆ ಕಾಣುತ್ತದೆ. ಕೂತಿದ್ದರೆ ಬಣ್ಣ ಕಾಯುತ್ತದೆ. ದೂರದಲ್ಲಿ ನಿಂತ ನಾಯಿ ಇನ್ನೂ ಮೇಲೆ ಬಿದ್ದಿಲ್ಲ. ಹಾಗಾಗಿ ಕಾದು ನೋಡುತ್ತದೆ. ಆದರೆ ಅದಕ್ಕೊಂದು ಗೆರೆ ಇದೆ, ಆ ಗೆರೆ ದಾಟಿದರೆ ಮುಗಿಯಿತು. ಬಾಬ್‌ವೈಟ್ ಅನ್ನುವ ಇಲ್ಲಿಯ ಬುರ್ಲಿ ನಾಯಿಯ ಮೂಗಿನ ಕೆಳಗೂ ಕೂತಿರುತ್ತದೆ. ಪ್ರೇರಿ ಚಿಕನ್‌ಗೆ ಅಷ್ಟು ತಾಳ್ಮೆ ಇಲ್ಲ. ಇಪ್ಪತ್ತು ಮೂವತ್ತು ಗಜ ದೂರದಲ್ಲಿ, ಮೊದಲ ವಾಸನೆ ಮೂಗಿಗೆ ತಾಕಿದ ಕೂಡಲೇ ನಾಯಿ ನಿಲ್ಲಬೇಕು. ಬುರ್ಲಿ ಮೇಲೆ ಕಲಿತ ನಾಯಿಗಳು ಇಲ್ಲಿ ಬಂದು ಮೊದಲ ವಾರ ಬರೀ ಹಕ್ಕಿ ಎಬ್ಬಿಸುತ್ತವೆ.

ಊದುಬತ್ತಿ ಹೊಗೆ ನೆನೆಸಿಕೊಳ್ಳಿ. ಕಡ್ಡಿಯ ತುದಿಯಲ್ಲಿ ದಾರದಷ್ಟು, ಹೋಗ್ತಾ ಹೋಗ್ತಾ ಅಗಲ. ಹಕ್ಕಿಯ ವಾಸನೆಯೂ ಗಾಳಿಯಲ್ಲಿ ಹಾಗೇ ಹರಡುತ್ತದೆ. ನಾಯಿ ಗಾಳಿಗೆ ಎದುರಾಗಿ, ಕುಂಟೆ ಹೊಡೆಯುವ ಎತ್ತಿನ ಹಾಗೆ ಎಡಕ್ಕೂ ಬಲಕ್ಕೂ ಓಡುತ್ತಾ ಆ ಹೊಗೆಯ ಅಂಚು ಹುಡುಕುತ್ತದೆ. ಗಾಳಿಯೇ ಇಲ್ಲದ ದಿನ ಎಂಥಾ ಮೂಗಿದ್ದರೂ ಅಷ್ಟಕ್ಕಷ್ಟೇ. ಬಿಸಿಲೇರಿದರಂತೂ ಮುಗಿಯಿತು. ಸೆಪ್ಟೆಂಬರ್ ಬಿಸಿಲಿಗೆ ನಾಯಿ ಸಾಯುವುದೂ ಉಂಟು. ನಾನು ಹತ್ತು ಗಂಟೆಗೆಲ್ಲ ಕಾರಿಗೆ ವಾಪಸ್. ಬೆನ್ನ ಮೇಲಿನ ನೀರಿನಲ್ಲಿ ಮುಕ್ಕಾಲು ಪಾಲು ಅವಳದ್ದೇ.

ನಿಲ್ಲುವುದು ರಕ್ತದಲ್ಲಿ ಬರುತ್ತದೆ, ನಿಂತೇ ಇರುವುದನ್ನು ಕಲಿಸಬೇಕು. ಎರಡು ತಿಂಗಳ ಮರಿ ಇದ್ದಾಗ ಗಾಳದ ಕೋಲಿಗೆ ಒಂದು ರೆಕ್ಕೆ ಕಟ್ಟಿ ಆಡಿಸಿದರೆ ಚುಕ್ಕಿ ಬಾಲ ಎತ್ತಿ ನಿಂತುಬಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮೊದಲ ಸೀಸನ್‌ನಲ್ಲಿ ಎರಡು ಸೆಕೆಂಡ್ ನಿಲ್ಲೋದು, ಆಮೇಲೆ ನುಗ್ಗೋದು. ಮೆಡೋಲಾರ್ಕ್ ಅಂತ ಹಳದಿ ಎದೆಯ ಹಾಡುಹಕ್ಕಿ ಇದೆ, ಅದರ ಮುಂದೆಯೂ ಗಂಭೀರವಾಗಿ ನಿಲ್ಲೋಳು. ಮುದುಕರು "ಬಿಡು, ಓಡಲಿ" ಅಂದರು. ಕಾಡುಹಕ್ಕಿ ಒಂದನ್ನೂ ಹಿಡಿಯಲು ಆಗುವುದಿಲ್ಲ ಅಂತ ನಾಯಿಗೆ ತಾನಾಗೇ ಗೊತ್ತಾಗಬೇಕಂತೆ. ನಾನೋ ಅವಸರದ ಮನುಷ್ಯ. ತರಬೇತಿ ಕೊಡುವ ಒಂದು ಕಡೆ ದುಡ್ಡು ಕೊಟ್ಟು ಸಾಕಿದ ಬುರ್ಲಿಗಳ ಮೇಲೆ ಅಭ್ಯಾಸ ಮಾಡಿಸಿದೆ. ಪಂಜರದಲ್ಲಿ ಬೆಳೆದ ಹಕ್ಕಿ, ಸರಿಯಾಗಿ ಹಾರಲಿಲ್ಲ. ಚುಕ್ಕಿ ಲಬಕ್ಕಂತ ಹಿಡಿದೇಬಿಟ್ಟಳು. ಒಂದು ಸಲ, ಅಷ್ಟೇ. ನುಗ್ಗಿದರೆ ಸಿಗುತ್ತದೆ ಅನ್ನುವ ಪಾಠ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಮರೆಸಲು ಇಡೀ ಚಳಿಗಾಲ ಕತ್ತಿಗೆ ಉದ್ದ ಹಗ್ಗ ಕಟ್ಟಿ "ವೋ, ವೋ" ಅಂತ ನಿಲ್ಲಿಸುತ್ತಾ ತಿರುಗಿದೆ. ಎತ್ತಿಗೆ ಹೋ ಅಂದ ಹಾಗೆಯೇ. ಅದೊಂದು ನನಗೆ ಸರಾಗವಾಗಿ ಬಂತು.

ಹೋದ ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಹೇಳುತ್ತೇನೆ. ಗಾಳಿ ವಾಯುವ್ಯದಿಂದ. ಹುಲ್ಲಿನ ತುದಿ ಆಗಷ್ಟೇ ಕೆಂಪಗಾಗುತ್ತಿತ್ತು. ಚುಕ್ಕಿ ದಿಬ್ಬದ ಆಚೆ ಹೋಗಿ ಕಾಣದಾದಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಜಿಪಿಎಸ್ ಗುಂಯ್ ಅಂತು. ಅವಳ ಕಾಲರ್ ನಿಂತ ಜಾಗದಲ್ಲೇ ನಿಂತಿದೆ, 240 ಗಜ. ಏದುಸಿರು ಬಿಡುತ್ತಾ ದಿಬ್ಬ ಹತ್ತಿದೆ.

ಬಾಲ ನೆಟ್ಟಗೆ. ಬಲಗಾಲು ಅರ್ಧ ಎತ್ತಿದ್ದು ಹಾಗೇ ಇದೆ. ಒಂದು ಮಿಡತೆ ಅವಳ ಕಿವಿ ಮೇಲೆ ಕೂತಿತ್ತು. ಮೆಲ್ಲಗೆ ನಡೆದು ಹಣೆಗೆ ಬಂತು. ಮನೆಯಲ್ಲಿ ನೊಣ ಕೂತರೆ ರಾಮಾಯಣ ಮಾಡುವ ನಾಯಿ ಅದು. ಕಿವಿ ಅಲ್ಲಾಡಲಿಲ್ಲ. ತುಟಿಯಂಚು ಮಾತ್ರ ನಡುಗುತ್ತಿತ್ತು, ಜೊಲ್ಲಿನ ಎಳೆ ಹುಲ್ಲಿನವರೆಗೆ ಇಳಿದಿತ್ತು. ನಾನು ಬಂದೆ ಅಂತ ತಲೆ ತಿರುಗಿಸಲಿಲ್ಲ, ಕಣ್ಣುಗುಡ್ಡೆ ಒಂದು ಸಲ ಹೊರಳಿತು, ಅಷ್ಟೇ.

ನಾಯಿಯ ಬೆನ್ನ ಹಿಂದಿನಿಂದ ಹೋಗಬಾರದು. ಬಳಸಿಕೊಂಡು ಪಕ್ಕದಿಂದ ಹೋದೆ. ಹತ್ತು ಹೆಜ್ಜೆ, ಏನಿಲ್ಲ. ಇಪ್ಪತ್ತು, ಏನಿಲ್ಲ. ಮತ್ತೆ ಮೆಡೋಲಾರ್ಕಾ ಅಂತ ಅನುಮಾನ ಬಂತು. ಅಷ್ಟರಲ್ಲಿ ಯುಕಾ ಗಿಡದ ಪಕ್ಕದಿಂದ ಮೂರು ಹಕ್ಕಿ ಒಟ್ಟಿಗೆ ಎದ್ದವು. ಕೊಕ್ ಕೊಕ್ ಕೊಕ್ ಅಂತ ಬೈದುಕೊಂಡೇ ಹಾರಿದವು. ಮೊದಲನೇ ಗುಂಡು ಗಾಳಿಗೆ ಹೋಯಿತು. ಎರಡನೆಯದಕ್ಕೆ ಒಂದು ಬಿತ್ತು. ಖುಷಿಯಲ್ಲಿ ಜೋಡಿ ನಳಿಗೆ ಮಡಚಿ ಖಾಲಿ ಕಾಡತೂಸು ತೆಗೆಯುತ್ತಾ ನಾಯಿ ಕಡೆ ನೋಡಿದೆ.

ಅವಳು ಇನ್ನೂ ನಿಂತಿದ್ದಳು. ಬಾಲ ಹಾಗೇ, ಕಾಲು ಹಾಗೇ.

ಆಗಲಾದರೂ ನನಗೆ ಹೊಳೆಯಬೇಕಿತ್ತು. ತೆರೆದ ಕೋವಿ ಹಿಡಿದು ಒಂದು ಹೆಜ್ಜೆ ಇಟ್ಟೆ. ನಾಲ್ಕನೆಯದು ನನ್ನ ಬೂಟಿನ ಹತ್ತಿರದಿಂದ ಭರ್ರನೆ ಎದ್ದು, ನಾಲ್ಕು ಸಲ ರೆಕ್ಕೆ ಬಡಿದು, ಗಾಳಿಯಲ್ಲಿ ತೇಲಿ, ಮತ್ತೆ ಬಡಿದು, ದಿಬ್ಬ ದಾಟಿ ಹೋಯಿತು. ಪ್ರೇರಿ ಚಿಕನ್ ಒಟ್ಟಿಗೆ ಏಳುವುದು ಕಡಿಮೆ, ಒಂದೆರಡು ಹಿಂದೆ ಉಳಿಯುತ್ತವೆ. ಓದಿ ಗೊತ್ತಿತ್ತು. ಅವಳು ಹೇಳುತ್ತಲೂ ಇದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವಳು ನನ್ನ ಕಡೆ ನೋಡಿದ ನೋಟ ನಮ್ಮ ಹೈಸ್ಕೂಲ್ ಗಣಿತದ ಮೇಷ್ಟ್ರ ನೋಟ.

ಬಿದ್ದ ಹಕ್ಕಿಯನ್ನು "ತಾ" ಅಂದ ಮೇಲೆ ಬಾಯಲ್ಲಿ ಕಚ್ಚಿ ತಂದಳು, ಒಂದು ಗರಿ ಮುರಿಯದ ಹಾಗೆ. ಹಿಡಿಯುವುದೂ ಬರುತ್ತದೆ ಕಾಕಾ, ಸರದಿ ಬಂದಾಗ. ಅದರ ಗಂಟಲ ಚೀಲದ ತುಂಬ ಮಿಡತೆ, ಒಂದಷ್ಟು ಕಾಡುಗುಲಾಬಿ ಕಾಯಿ. ಒಂದು ರೆಕ್ಕೆ ಕತ್ತರಿಸಿ ರಸ್ತೆ ಪಕ್ಕದ ಪೆಟ್ಟಿಗೆಗೆ ಹಾಕಿದೆ. ರಾಜ್ಯದ ವನ್ಯಜೀವಿ ಇಲಾಖೆಯವರು ರೆಕ್ಕೆ ನೋಡಿ ಹಕ್ಕಿ ಈ ವರ್ಷದ ಮರಿಯೋ ಹಳೆಯದೋ ಅಂತ ಲೆಕ್ಕ ಹಾಕುತ್ತಾರೆ. ಮಾಂಸ ಕಪ್ಪು ಕೆಂಪು, ಕೋಳಿ ತರಹ ಬೇಯಿಸಿದರೆ ರಬ್ಬರ್. ನಾನು ಕಾಕು ಹೇಳಿಕೊಟ್ಟ ಮಸಾಲೆ ಖಾರ ಹಾಕಿ ಬೇಗ ಇಳಿಸುತ್ತೇನೆ.

ಇದೆಲ್ಲ ಸೆಪ್ಟೆಂಬರ್ ಮಾತು. ನವೆಂಬರ್ ಹೊತ್ತಿಗೆ ಹಕ್ಕಿಗಳು ದೊಡ್ಡ ಗುಂಪು ಸೇರುತ್ತವೆ, ನೂರಾರು ಗಜ ದೂರದಲ್ಲೇ ಎದ್ದು ಹೋಗುತ್ತವೆ. ಆಗ ನಾಯಿಯೂ ನಿಲ್ಲುವುದಿಲ್ಲ, ನಾನೂ ಹೊಡೆಯುವುದಿಲ್ಲ. ಇಬ್ಬರೂ ವಾಕಿಂಗ್ ಮಾಡಿ ಬರುತ್ತೇವೆ.

ಅಳಿಯುತ್ತಿರುವ ಹಕ್ಕಿ ಅಲ್ವಾ, ಹೊಡೆಯೋದು ಸರಿಯಾ ಅಂತಲೂ ಕೆಲವರು ಕೇಳುತ್ತಾರೆ. ಕೇಳಬೇಕಾದ್ದೇ. ಇದರ ಪೂರ್ವ ಕರಾವಳಿಯ ಉಪಜಾತಿ, ಹೀತ್ ಹೆನ್, 1932ರಲ್ಲಿ ಕೊನೆಯ ಗಂಡಿನ ಜೊತೆ ಮುಗಿದುಹೋಯಿತು. ಟೆಕ್ಸಾಸ್‌ನ ಇನ್ನೊಂದು ಉಪಜಾತಿ ಅಳಿವಿನಂಚಿನಲ್ಲಿದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ನೆಬ್ರಾಸ್ಕಾದಲ್ಲಿ ಇನ್ನೂ ಚೆನ್ನಾಗಿವೆ. ಕಾರಣ ಮರಳು. 1904ರಲ್ಲಿ ಸರ್ಕಾರ ಇಲ್ಲಿ ಒಂದೊಂದು ಕುಟುಂಬಕ್ಕೆ 640 ಎಕರೆ ಕೊಡಲು ಹೊರಟಿತು. ಜನ ಬಂದು ಉತ್ತರು, ಮರಳು ಹಾರಿತು, ಬಹಳ ಜನ ಬಿಟ್ಟು ಹೋದರು. ಉಳಿದದ್ದು ಹುಲ್ಲು, ದನ, ಈ ಹಕ್ಕಿ. ಇಲಿನಾಯ್‌ನಲ್ಲಿ ನೆಲ ಫಲವತ್ತು, ಪೂರ್ತಿ ಉತ್ತುಬಿಟ್ಟರು. ಹಕ್ಕಿ ಎಷ್ಟು ಕಡಿಮೆಯಾಯಿತೆಂದರೆ 1990ರ ದಶಕದಲ್ಲಿ ನೆಬ್ರಾಸ್ಕಾ, ಕಾನ್ಸಾಸ್, ಮಿನ್ನೆಸೋಟದಿಂದ ಒಯ್ದು ಬಿಡಬೇಕಾಯಿತು. ನಮ್ಮ ಸಿರುಗುಪ್ಪದ ಎರೆಭೂತ ಅನ್ನುವ, ನೆಲ ಕಳೆದುಕೊಂಡ ದೊಡ್ಡ ಹಕ್ಕಿಯ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮಟ್ಟಿಗೆ, ಒಂದು ಹಕ್ಕಿ ಹೊಡೆದದ್ದಕ್ಕಿಂತ ಒಂದು ದಿಬ್ಬದ ಮೇಲೆ ಕೆಂಪು ಸೀಡರ್ ಮರ ಹಬ್ಬಿದ್ದು ನೋಡಿದರೆ ಹೊಟ್ಟೆ ಜಾಸ್ತಿ ಉರಿಯುತ್ತದೆ. ಮರ ಬಂದ ಕಡೆ ಇವು ನಿಲ್ಲುವುದಿಲ್ಲ.

ಇಷ್ಟೆಲ್ಲ ಫೋನಿನಲ್ಲಿ ಹೇಳಿದರೂ ಕಾಕಾಗೆ ನಂಬಿಕೆ ಬರಲಿಲ್ಲ. ಕೊನೆಗೆ ಚುಕ್ಕಿ ನಿಂತಿರುವ ಒಂದು ವಿಡಿಯೊ ಕಳಿಸಿದೆ, ಪೂರಾ ಒಂದು ನಿಮಿಷದ್ದು. ಐದು ನಿಮಿಷಕ್ಕೆ ಫೋನ್ ಬಂತು.

"ತಮ್ಮಾ, ವಿಡಿಯೊ ಹ್ಯಾಂಗ್ ಆಗೇತಿ. ನಾಯಿ ಅಲ್ಲೇ ನಿಂತಬಿಟ್ಟೈತಿ. ಇನ್ನೊಮ್ಮೆ ಕಳಸು."

"ಹುಲ್ಲು ನೋಡು ಕಾಕಾ, ಅಲ್ಲಾಡ್ತಿಲ್ಲೇನು?"

ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಹಾಕಿಕೊಂಡು ನೋಡುತ್ತಿದ್ದರು ಅನಿಸುತ್ತದೆ.