ಸಹಿ ಹಾಕುವ ಮುಂಚೆ

ಭಾವನ ಜೊತೆ ಇವತ್ತು ಶಿರಸಿ ಪೇಟೆಯಲ್ಲಿ ಒಂದು ಮಳಿಗೆ ನೋಡಿ ಬಂದೆ. ಐಸ್‌ಕ್ರೀಮ್ ಫ್ರಾಂಚೈಸಿ, ಅಂದರೆ ಒಂದು ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಹಕ್ಕು, ತೆಗೆದುಕೊಳ್ಳುವ ಆಸೆ ಅವನಿಗೆ. ಅಡಿಕೆ ಮಾರಿದ ದುಡ್ಡು ಕೈಯಲ್ಲಿದೆ. ಕಂಪನಿಯವರು ಕೊಟ್ಟ ಲೆಕ್ಕದಲ್ಲಿ ಹನ್ನೆರಡೂ ತಿಂಗಳು ಒಂದೇ ವ್ಯಾಪಾರ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊಡೆಯುವ ಮಳೆ ಅದರಲ್ಲಿ ಇಲ್ಲವೇ ಇಲ್ಲ. ಮಾರಿಕಾಂಬಾ ಜಾತ್ರೆಯ ಜನ ನೋಡಿ ಅಂದಾಜು ಮಾಡೋಣ ಅಂದರೆ, ಅದು ಬರುವುದು ಎರಡು ವರ್ಷಕ್ಕೊಮ್ಮೆ.

ನನಗೆ ಜಾಸ್ತಿ ಹೆದರಿಕೆ ಆಗಿದ್ದು ರಾಯಲ್ಟಿ, ಅಂದರೆ ಕಂಪನಿಗೆ ಕೊಡುತ್ತಿರಬೇಕಾದ ಪಾಲಿನ ವಿಷಯಕ್ಕೆ. 6% ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಅದು ಲಾಭದ ಮೇಲಲ್ಲ, ಮಾರಾಟದ ಮೇಲೆ. 3 ಲಕ್ಷ ಮಾರಿದರೆ 18,000 ಮೊದಲೇ ಹೋಯಿತು. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಆಮೇಲೆ. ನಷ್ಟದ ತಿಂಗಳಲ್ಲೂ ಕೊಡಲೇಬೇಕು.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಅಂತ ಬೇರೆ ಕಾನೂನಿಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ. ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳಬೇಕು. ಪಕ್ಕದ ಬೀದಿಯಲ್ಲಿ ಇನ್ನೊಬ್ಬರಿಗೆ ಫ್ರಾಂಚೈಸಿ ಕೊಡುವುದಿಲ್ಲ ಅನ್ನುವ ಮಾತು ಕಂಪನಿಯವರ ಕರಾರು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಬರುವಾಗ ಭಾವ ಬಸ್ಸಿನಲ್ಲಿ ಸುಮ್ನೆ ಕೂತಿದ್ದ. ನಾಳೆ ಕುಮಟಾಕ್ಕೆ ಹೋಗುತ್ತೇವೆ. ಅಲ್ಲಿ ಇದೇ ಫ್ರಾಂಚೈಸಿ ನಡೆಸುವವರಿದ್ದಾರೆ. ಅವರ ಹತ್ತಿರ ಜುಲೈ ತಿಂಗಳ ವ್ಯಾಪಾರ ಎಷ್ಟಿತ್ತು ಅಂತ ಕೇಳಬೇಕು.