ಭರತನಾಟ್ಯ ಕಲಿತವರು ಕ್ಲಾಗಿಂಗ್ ತಂಡಕ್ಕೆ ಏಕೆ ಸೇರಿದಿರಿ?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ನಮ್ಮ ಊರಿನ ಕನ್ನಡಿಗರು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ: "ಹನ್ನೆರಡು ವರ್ಷ ಭರತನಾಟ್ಯ ಕಲಿತವರು ನೀವು. ಅದನ್ನು ಬಿಟ್ಟು ಈ ಕ್ಲಾಗಿಂಗ್ ತಂಡಕ್ಕೆ ಏಕೆ ಸೇರಿದಿರಿ?" ಭರತನಾಟ್ಯವನ್ನು ನಾನು ಬಿಟ್ಟಿಲ್ಲ. ಆದರೆ ಒಬ್ಬಳೇ ವೇದಿಕೆಯ ಮೇಲೆ ನಿಂತಾಗ ಎಂದೂ ಕಾಣದ ಒಂದು ಸುಖವನ್ನು, ಎಂಟು ಜನರ ಹೆಜ್ಜೆಯೊಳಗೆ ನನ್ನ ಹೆಜ್ಜೆಯ ಸದ್ದು ಬೇರೆಯಾಗಿ ಕೇಳಿಸದೆ ಬೆರೆತುಹೋಗುವ ಸುಖವನ್ನು, ನಾನು ಕಂಡದ್ದು ಈ ತಂಡದಲ್ಲಿ.

ಕ್ಲಾಗಿಂಗ್ ಎಂದರೆ ಶೂ ತೊಟ್ಟ ಕಾಲಿನ ಸದ್ದಿನಿಂದಲೇ ತಾಳ ಹುಟ್ಟಿಸುವ, ಇಲ್ಲಿನ ಅಪಲಾಚಿಯನ್ ಬೆಟ್ಟಸೀಮೆಯ ಜನಪದ ಕುಣಿತ. ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಿಂದ ಬಂದು ನೆಲೆಸಿದವರ ಹೆಜ್ಜೆಗಳು, ಆಫ್ರಿಕಾ ಮೂಲದ ಜನರ ಲಯ, ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ನೃತ್ಯ ಇವೆಲ್ಲ ಅದರಲ್ಲಿ ಕೂಡಿಕೊಂಡಿವೆ. ಮೇಳಕ್ಕೆ ಫಿಡಲ್ (ಪಿಟೀಲು) ಮತ್ತು ಬ್ಯಾಂಜೊ ಎಂಬ ತಂತಿವಾದ್ಯ. ಮನೆಯ ಜಗಲಿಯಲ್ಲೂ ಹೊಲದ ಕೊಟ್ಟಿಗೆಯಲ್ಲೂ ಕುಣಿಯುತ್ತಿದ್ದ ಇದನ್ನು ಜನಪದ ಹಾಡುಗಾರ ಬ್ಯಾಸ್ಕಮ್ ಲಾಮಾರ್ ಲನ್ಸ್‌ಫರ್ಡ್ ಅವರು 1928ರಲ್ಲಿ ಇದೇ ರಾಜ್ಯದ ಆಶ್‌ವಿಲ್‌ನಲ್ಲಿ ಆರಂಭಿಸಿದ ಜನಪದ ಉತ್ಸವದ ವೇದಿಕೆಗೆ ತಂದರು. ಅಲ್ಲಿ ತಂಡಗಳು ಪರಸ್ಪರ ಸ್ಪರ್ಧಿಸತೊಡಗಿದ ಮೇಲೆ ತಂಡವಾಗಿ ಕುಣಿಯುವ ಕ್ರಮ ಬಲವಾಯಿತು. ಸ್ಯಾಮ್ ಕ್ವೀನ್ ಎಂಬವರ ಸೋಕೊ ಗ್ಯಾಪ್ ಎಂಬ ಕುಣಿತದ ತಂಡ 1939ರಲ್ಲಿ ಶ್ವೇತಭವನದಲ್ಲಿ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಅವರ ಮುಂದೆ ಕುಣಿಯಿತು. 2005ರಿಂದ ಇದು ನಾರ್ತ್ ಕ್ಯಾರೊಲಿನಾದ ಅಧಿಕೃತ ಜನಪದ ನೃತ್ಯ.

ನಮ್ಮ ಶೂಗಳನ್ನು ನೋಡಿದವರು ಇದನ್ನು, ಲೋಹದ ಬಿಲ್ಲೆ ಹಚ್ಚಿದ ಶೂ ತೊಟ್ಟು ಕುಣಿಯುವ ಇನ್ನೊಂದು ನೃತ್ಯವಾದ ಟ್ಯಾಪ್ ಡ್ಯಾನ್ಸ್ ಎಂದೇ ತಿಳಿಯುವುದುಂಟು. ಆದರೆ ಕ್ಲಾಗಿಂಗ್ ಶೂವಿನ ಮುಂಗಾಲಿಗೂ ಹಿಮ್ಮಡಿಗೂ ಎರಡೆರಡು ಲೋಹದ ಬಿಲ್ಲೆಗಳಿರುತ್ತವೆ. ಒಂದು ಅಟ್ಟೆಗೆ ಬಿಗಿಯಾಗಿ ಅಂಟಿಕೊಂಡಿದ್ದರೆ, ಇನ್ನೊಂದು ಸಡಿಲವಾಗಿದ್ದು ಅದಕ್ಕೆ ಬಡಿಯುತ್ತದೆ. ಈ ಸಡಿಲ ಬಿಲ್ಲೆಯ ಕಿಣಿಕಿಣಿ ಕೇಳಿದ ಮೊದಲ ದಿನ ನನಗೆ ಗೆಜ್ಜೆಯ ನೆನಪಾಗಿ ಕಣ್ಣು ತೇವವಾಯಿತು. ಮೂಲಹೆಜ್ಜೆಯನ್ನು ಇಲ್ಲಿನವರು "ಡಬಲ್ ಸ್ಟೆಪ್, ರಾಕ್ ಸ್ಟೆಪ್" ಎಂದು ಹೇಳಿಕೊಡುತ್ತಾರೆ. ಅದು ನನ್ನ ಕಾಲಿಗೆ ಹತ್ತಿದ್ದು ಮನಸ್ಸಿನಲ್ಲಿ "ತಕ ತೈ, ತ ತೈ" ಎಂದು ಹೇಳಿಕೊಂಡ ಮೇಲೆ.

ಹತ್ತಿದ್ದೇನೋ ನಿಜ, ಆದರೆ ಉಳಿದವರ ಹೆಜ್ಜೆಯೊಂದಿಗೆ ಕೂಡಲಿಲ್ಲ. ಅರೆಮಂಡಿಯಲ್ಲಿ ಕುಳಿತು ನೆಲವನ್ನು ಬಲವಾಗಿ ತಟ್ಟುವುದನ್ನು ಕಲಿತ ಕಾಲು ನನ್ನದು. ಇಲ್ಲಿ ಮೈ ನೆಟ್ಟಗಿರಬೇಕು, ಮಂಡಿ ಮೆತ್ತಗಿರಬೇಕು, ಹಿಮ್ಮಡಿ ತಾಳದ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟಬೇಕು. ಸೋಮವಾರದ ಅಭ್ಯಾಸವೊಂದರಲ್ಲಿ ನಮಗೆ ಕಲಿಸುವ ಹಿರಿಯ ಮಹಿಳೆ ಸಂಗೀತವನ್ನು ನಿಲ್ಲಿಸಿ, ಎಲ್ಲರಿಗೂ ಕಣ್ಣು ಮುಚ್ಚಿಕೊಂಡು ಅದೇ ಹೆಜ್ಜೆಯನ್ನು ಮುಂದುವರಿಸಲು ಹೇಳಿದರು. ಏಳು ಜನರ ಸದ್ದು ಒಂದಾಗಿ ಬರುತ್ತಿತ್ತು, ಅದರ ಹಿಂದೆಯೇ ಕೂದಲೆಳೆಯಷ್ಟು ತಡವಾಗಿ ಇನ್ನೊಂದು ಸದ್ದು ಬರುತ್ತಿತ್ತು. ಅದು ನನ್ನದೆಂದು ಯಾರೂ ಹೇಳಬೇಕಾಗಿರಲಿಲ್ಲ. "ನೆಲವನ್ನು ಹೊಡೆಯಬೇಡಮ್ಮ, ನಿನ್ನ ಭಾರವನ್ನು ಅದಕ್ಕೆ ಬಿಟ್ಟುಕೊಡು" ಎಂಬ ಅರ್ಥದ ಮಾತನ್ನು ಅವರು ಮೆಲ್ಲಗೆ ಹೇಳಿದರು. ಪಕ್ಕದಲ್ಲಿದ್ದ ಹನ್ನೊಂದು ವರ್ಷದ ಹುಡುಗಿ ಅಂದಿನಿಂದ ನನ್ನ ಕೈ ಹಿಡಿದುಕೊಂಡೇ ಅಭ್ಯಾಸ ಮಾಡಿದಳು. ಅವಳ ಭುಜ ಏಳುವುದು ಇಳಿಯುವುದರಿಂದಲೇ ನಾನು ತಾಳ ಹಿಡಿಯುವುದನ್ನು ಕಲಿತೆ. ಇಷ್ಟು ಚಿಕ್ಕವಳಿಂದಲೂ ಎಪ್ಪತ್ತು ದಾಟಿದವರಿಂದಲೂ ಒಂದೇ ಸಾಲಿನಲ್ಲಿ ನಿಂತು ಕಲಿಯುವ ಅವಕಾಶ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ತಂಡದ ಬದುಕಿನಲ್ಲಿ ಕುಣಿತದಷ್ಟೇ ದುಡಿಮೆಯೂ ಇದೆ. ಜಾತ್ರೆಗಳಲ್ಲಿ ಕಾಂಕ್ರೀಟ್ ನೆಲವಿದ್ದರೆ ಮಂಡಿ ಕೆಡುತ್ತದೆ, ಸದ್ದೂ ಸತ್ತುಹೋಗುತ್ತದೆ. ಆದ್ದರಿಂದ ಪ್ಲೈವುಡ್ ಹಲಗೆಗಳನ್ನು ನಾವೇ ಹೊತ್ತು ತಂದು ಹಾಸಿ, ಕಾರ್ಯಕ್ರಮ ಮುಗಿದ ಮೇಲೆ ನಾವೇ ಎತ್ತಿಡುತ್ತೇವೆ. ಯಾರಿಗಾದರೂ ಹುಷಾರಿಲ್ಲದಿದ್ದರೆ ಜೋಡಿಗಳು ತಪ್ಪುವುದರಿಂದ ಪ್ರತಿಯೊಬ್ಬರೂ ಪಕ್ಕದವರ ಜಾಗವನ್ನೂ ಕಲಿತಿರಬೇಕು.

ಎಂಟು ತಿಂಗಳಾದ ಮೇಲೆ ನಮ್ಮ ಗುರುಗಳು, ಅವರನ್ನು ಹಾಗೆಂದೇ ಕರೆಯಲು ನನಗೆ ಇಷ್ಟ, ಮತ್ತೊಮ್ಮೆ ಸಂಗೀತವನ್ನು ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ನಾನು ನನ್ನ ಸದ್ದನ್ನು ಹುಡುಕಿದೆ, ಸಿಗಲಿಲ್ಲ. ಅವರು ಏನನ್ನೂ ಹೇಳದೆ ಮುಂದಿನ ಹೆಜ್ಜೆಯನ್ನು ಕಲಿಸತೊಡಗಿದರು.